ಆಕರ ತೋರಿಸುವ ಬಗೆ

ಸಂಪ್ರಬಂಧದಲ್ಲಿ ಆಕರವನ್ನು ಹೆಸರಿಸುವುದರ ಉದ್ದೇಶ ಒಂದೇ: ಬರೆದವರು ನೋಡಿದ ಸಾಲನ್ನು ಓದುವವರೂ ತೆರೆದು ನೋಡುವಂತಾಗಬೇಕು. ಎಪಿಎ, ಎಂಎಲ್ಎ, ಶಿಕಾಗೊ ಮೊದಲಾದ ಪದ್ಧತಿಗಳು ಇಸವಿ ಎಲ್ಲಿ ಬರಬೇಕು, ಅಲ್ಪವಿರಾಮ ಎಲ್ಲಿ ಬೀಳಬೇಕು ಎಂಬುದನ್ನು ಗೊತ್ತುಪಡಿಸುತ್ತವೆ. ವಿಭಾಗ ಸೂಚಿಸಿದ ಪದ್ಧತಿಯೊಂದನ್ನು ಹಿಡಿದು ಕೊನೆಯವರೆಗೂ ಪಾಲಿಸಿದರೆ ಆ ಮಟ್ಟಿಗೆ ಸಾಕು. ಆದರೆ ಕನ್ನಡ ಸಾಹಿತ್ಯ, ಇತಿಹಾಸಗಳ ವಿದ್ಯಾರ್ಥಿಗೆ ಎದುರಾಗುವ ನಿಜವಾದ ತೊಡಕುಗಳು ಬೇರೆ.

ಶಾಸನಗಳನ್ನೇ ತೆಗೆದುಕೊಳ್ಳಬಹುದು. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಹಳೆಯ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅದೇ ಮಾಲೆಯನ್ನು ಪರಿಷ್ಕರಿಸಿ ಹೊರತಂದಾಗ ಸಂಪುಟಗಳ ವಿಂಗಡಣೆಯೇ ಬದಲಾಯಿತು. ಅಲ್ಲಿ 9ನೇ ಸಂಪುಟ ಬೇಲೂರು ತಾಲ್ಲೂಕಿನದು. ಬರೀ ‘ಎ.ಕ. 9’ ಎಂದು ಬರೆದರೆ ಓದುಗ ಯಾವ ಪುಸ್ತಕಕ್ಕೆ ಕೈಹಾಕಬೇಕು? ಆವೃತ್ತಿ, ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಇಷ್ಟೂ ಇರಲೇಬೇಕು. ಸಾಲಿನ ಸಂಖ್ಯೆಯನ್ನೂ ಕೊಟ್ಟರೆ ಇನ್ನೂ ಒಳ್ಳೆಯದು.

ವಚನಗಳದೂ ಇದೇ ಕಥೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಅದಕ್ಕೂ ಮುಂಚೆ ಫ.ಗು. ಹಳಕಟ್ಟಿ, ಶಿ.ಶಿ. ಬಸವನಾಳ ಮುಂತಾದವರ ಆವೃತ್ತಿಗಳು ಬಂದಿದ್ದವು. ಒಂದೇ ವಚನಕ್ಕೆ ಬೇರೆಬೇರೆ ಆವೃತ್ತಿಗಳಲ್ಲಿ ಬೇರೆಬೇರೆ ಸಂಖ್ಯೆ ಇರುತ್ತದೆ, ಪಾಠಾಂತರವೂ ಇರುತ್ತದೆ. ‘ಬಸವಣ್ಣನವರು ಹೇಳುವಂತೆ’ ಎಂದಷ್ಟೇ ಬರೆದು ವಚನವನ್ನು ಇಳಿಸಿಬಿಡುವ ಅಭ್ಯಾಸ ವಿದ್ವತ್ತಿನ ಬರಹಕ್ಕೆ ಒಪ್ಪುವುದಿಲ್ಲ. ಕೊನೆಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತವಿದ್ದ ಮಾತ್ರಕ್ಕೆ ಮೊಬೈಲಿನಲ್ಲಿ ಬಂದ ಸಾಲುಗಳು ಬಸವಣ್ಣನವರ ವಚನ ಎನಿಸಿಕೊಳ್ಳುವುದಿಲ್ಲ. ಹಳಗನ್ನಡ, ನಡುಗನ್ನಡ ಕಾವ್ಯಗಳಿಗಾದರೆ ಪುಟಸಂಖ್ಯೆಗಿಂತ ಪದ್ಯಸಂಖ್ಯೆಯೇ ಉಪಯುಕ್ತ: ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯ, ಕುಮಾರವ್ಯಾಸನಿಗೆ ಪರ್ವ, ಸಂಧಿ ಮತ್ತು ಪದ್ಯ. ಜತೆಗೆ ಬಳಸಿದ ಸಂಪಾದನೆ ಯಾರದೆಂಬುದು ಗ್ರಂಥಸೂಚಿಯಲ್ಲಿ ಬರಬೇಕು.

ಯಾವುದಕ್ಕೆ ಆಕರ ಬೇಕು, ಯಾವುದಕ್ಕೆ ಬೇಡ ಎಂಬುದು ವಿದ್ಯಾರ್ಥಿಗಳನ್ನು ಹೆಚ್ಚಾಗಿ ಕಾಡುವ ಪ್ರಶ್ನೆ. 1956ರ ನವೆಂಬರ್ 1ರಂದು ರಾಜ್ಯ ಏಕೀಕರಣಗೊಂಡಿತು ಎನ್ನುವುದಕ್ಕೆ ಅಡಿಟಿಪ್ಪಣಿ ಬೇಡ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ತಕರಾರಿಲ್ಲದ್ದು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450 ಎಂಬ ಮಾತೂ ಅಷ್ಟೇ ಪರಿಚಿತವಾಗಿ ಕೇಳಿಸುತ್ತದೆ. ಆದರೆ ಆ ಕಲ್ಲಿನ ಮೇಲೆ ತೇದಿಯಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಹೆಸರುಗಳನ್ನು ಆಧರಿಸಿ ವಿದ್ವಾಂಸರು ಊಹಿಸಿದ ಕಾಲ ಅದು, ಎಲ್ಲರ ಮತವೂ ಒಂದಲ್ಲ. ಹಾಗಾಗಿ ಅದು ಯಾರ ನಿರ್ಣಯ, ಎಲ್ಲಿ ಪ್ರಕಟವಾದದ್ದು ಎಂದು ಹೇಳಲೇಬೇಕು. ಪಠ್ಯಪುಸ್ತಕದಲ್ಲಿ ಓದಿ ಓದಿ ಸತ್ಯವೆಂದು ರೂಢಿಯಾದ ಇಂಥ ಅಭಿಪ್ರಾಯಗಳಲ್ಲಿಯೇ ವಿದ್ಯಾರ್ಥಿ ಎಡವುವುದು ಹೆಚ್ಚು.

ಇನ್ನೊಬ್ಬರ ವಿಚಾರವನ್ನು ಸ್ವಂತ ಮಾತಿನಲ್ಲಿ ಬರೆದರೂ ಋಣ ತೀರುವುದಿಲ್ಲ. ಉದ್ಧರಣ ಚಿಹ್ನೆಗಳು ಬೇಡವಾಗಬಹುದು, ಆಕರ ಬೇಕೇ ಬೇಕು. ನೇರವಾಗಿ ನೋಡದ ಗ್ರಂಥವನ್ನು ನೋಡಿದಂತೆ ತೋರಿಸುವುದು ಮತ್ತೊಂದು ತಪ್ಪು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಕಂಡ ಶಾಸನಪಾಠವನ್ನು ಬಳಸಿಕೊಂಡು, ಟಿಪ್ಪಣಿಯಲ್ಲಿ ಶಾಸನ ಸಂಪುಟವನ್ನಷ್ಟೇ ಹೆಸರಿಸುವುದು ಅದಕ್ಕೆ ಉದಾಹರಣೆ. ಸಂಪುಟವನ್ನು ತೆರೆದು ನೋಡಬೇಕು, ಅದಾಗದಿದ್ದರೆ ಇಂಥ ಪುಸ್ತಕದ ಇಂಥ ಪುಟದಲ್ಲಿ ಉದ್ಧೃತ ಎಂದು ತಿಳಿಸಬೇಕು. ಮೊದಲಿನವರ ಅಚ್ಚಿನ ತಪ್ಪು ಹತ್ತು ಸಂಪ್ರಬಂಧಗಳಿಗೆ ಹರಡುವುದು ಈ ದಾರಿಯಲ್ಲೇ.

ಹೆಸರುಗಳ ವಿಷಯದಲ್ಲಿ ಇಂಗ್ಲಿಷ್ ಕೈಪಿಡಿಗಳ ‘ಮನೆತನದ ಹೆಸರು ಮೊದಲು’ ಎಂಬ ನಿಯಮವನ್ನು ಕಣ್ಣುಮುಚ್ಚಿ ಹಾಕಬಾರದು. ಕುವೆಂಪು ಅವರನ್ನು ಯಾರೂ ಪುಟ್ಟಪ್ಪ ಎಂಬಲ್ಲಿ ಹುಡುಕುವುದಿಲ್ಲ. ‘ಚಿದಾನಂದಮೂರ್ತಿ, ಎಂ.’ ಎಂದು ಇನಿಷಿಯಲ್ಲನ್ನು ಹಿಂದಕ್ಕೆ ಇಡುವುದು ಕನ್ನಡ ಗ್ರಂಥಸೂಚಿಗಳಲ್ಲಿ ನೆಲೆಗೊಂಡ ಕ್ರಮ. ಜಾಲತಾಣದ ಬರಹಕ್ಕೆ ಲೇಖಕರು, ಶೀರ್ಷಿಕೆ, ತಾಣ, ವಿಳಾಸ, ನೋಡಿದ ದಿನಾಂಕ ಇವು ಬೇಕು. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕೊಟ್ಟ ಗ್ರಂಥಸೂಚಿಯನ್ನಂತೂ ಒಂದೊಂದಾಗಿ ಪರಿಶೀಲಿಸದೆ ಬಳಸಕೂಡದು. ಇಲ್ಲದ ಪುಸ್ತಕಕ್ಕೆ ಲೇಖಕರನ್ನೂ ಪುಟಸಂಖ್ಯೆಯನ್ನೂ ಅದು ಸರಾಗವಾಗಿ ಸೃಷ್ಟಿಸುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಕೃತಿಚೌರ್ಯಕ್ಕೆ ಹಂತಗಳನ್ನು ನಿಗದಿಪಡಿಸಿದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗಿದ್ದರೆ ಪ್ರಬಂಧವನ್ನು ತಿದ್ದಿ ಆರು ತಿಂಗಳ ಮಿತಿಯೊಳಗೆ ಮತ್ತೆ ಸಲ್ಲಿಸಬೇಕು. ಶೇ. 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ತೋರಿಸಿದ ಉದ್ಧರಣೆಗಳು, ಗ್ರಂಥಸೂಚಿ ಮುಂತಾದವು ಈ ಲೆಕ್ಕಕ್ಕೆ ಸೇರುವುದಿಲ್ಲ. ತಂತ್ರಾಂಶ ಎಣಿಸುವುದು ಪದಗಳ ಹೋಲಿಕೆಯನ್ನು. ಬೇರೊಬ್ಬರ ವಾದವನ್ನು ಮಾತು ಬದಲಿಸಿ ಎತ್ತಿಕೊಂಡ ಪ್ರಬಂಧ ಆ ಜರಡಿಯಲ್ಲಿ ಸುಲಭವಾಗಿ ಪಾರಾಗುತ್ತದೆ. ಅದನ್ನು ಹಿಡಿಯಬಲ್ಲವರು ಆ ಕ್ಷೇತ್ರವನ್ನು ಓದಿಕೊಂಡ ಮಾರ್ಗದರ್ಶಕರು ಮತ್ತು ಪರೀಕ್ಷಕರು ಮಾತ್ರ.