ಮೋಜಿನ ಪಾರ್ಕಿಗೆ ಏಪ್ರಿಲ್ ತಿಂಗಳ ಲೆಕ್ಕ

ವಾಟರ್ ಪಾರ್ಕುಗಳಿಗೆ ಜನ ಮುಗಿಬೀಳುವುದು ಶಾಲೆಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ನೀರು ನೂಲಿನಂತೆ ಸಣ್ಣದಾಗುವುದೂ ಆಗಲೇ. ಈ ಭಾಗದಲ್ಲಿ ಥೀಮ್ ಪಾರ್ಕ್ ರೆಸಾರ್ಟೊಂದರ ಪರಿಸರ ಲೆಕ್ಕದಲ್ಲಿ ನೀರೇ ಮುಖ್ಯ ಎನ್ನಲು ಬೇರೆ ಕಾರಣ ಬೇಕಿಲ್ಲ.

ಇಂಥ ಪಾರ್ಕುಗಳು ನಮಗೆ ಹೊಸತಲ್ಲ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಹೆಸರಿನಲ್ಲಿ ತೆರೆದದ್ದೇ ಇಂದಿನ ವಂಡರ್‌ಲಾ. 2005ರಲ್ಲಿ ಅದು ಬಿಡದಿಗೂ ಬಂತು, 2012ರಲ್ಲಿ ಅಲ್ಲಿ ರೆಸಾರ್ಟೂ ಸೇರಿಕೊಂಡಿತು. ಇತ್ತ ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿ 1995ರಲ್ಲಿ ನಿಗಮ ರಚಿಸಿದ ಮೇಲೆ ಕಡಲ ದಂಡೆಯಲ್ಲಿ ದೊಡ್ಡ ಹೋಟೆಲುಗಳು ಎದ್ದವು. ಒಳನಾಡಿನ ಮುರಕಲ್ಲಿನ ಗುಡ್ಡಕ್ಕೂ ಇಂಥದ್ದೊಂದು ಬಂದರೆ ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು?

ಮೊದಲು ಸುಲಭದ್ದು, ಇಂಗಾಲದ ಲೆಕ್ಕ. ಪಾರ್ಕು ತಾನೇ ಸುಡುವ ಡೀಸೆಲ್, ಗ್ಯಾಸ್ ಒಂದು ಖಾತೆ. ಕೊಳ್ಳುವ ವಿದ್ಯುತ್ತು ಎರಡನೆಯದು. ಅತಿಥಿಗಳ ಪ್ರಯಾಣ, ಹೊರಗಿನಿಂದ ತರಿಸುವ ಸಾಮಾನು, ಕಸ ಮೂರನೆಯದು. ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿಗೆ ದೇಶದ ಸರಾಸರಿಯಲ್ಲಿ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್, ಡೀಸೆಲ್ಲಿಗೆ ಲೀಟರಿಗೆ ಸುಮಾರು 2.7 ಕಿಲೋ, ಹೋಟೆಲುಗಳ 19 ಕಿಲೋ ಸಿಲಿಂಡರಿಗೆ 57 ಕಿಲೋದಷ್ಟು. ಬಿಲ್ಲುಗಳನ್ನು ಮುಂದಿಟ್ಟುಕೊಂಡು ಗುಣಿಸಿದರಾಯಿತು. ಕಷ್ಟ ಇರುವುದು ಮೂರನೆಯ ಖಾತೆಯಲ್ಲಿ. ಅದನ್ನು ಬಿಟ್ಟು ‘ನಾವು ಹಸಿರು’ ಎನ್ನುವವರೇ ಹೆಚ್ಚು. ಹೋಗಿಬರಲು 100 ಕಿಲೋಮೀಟರ್ ಓಡುವ ಕಾರು ಸುಮಾರು 15 ಕಿಲೋ ಉಗುಳುತ್ತದೆ. ಮಂಗಳೂರು, ಕಾಸರಗೋಡಿನಿಂದ ಬಸ್ಸು ಬಿಡುವುದು ಎಷ್ಟೋ ಸೋಲಾರ್ ಫಲಕಗಳಿಗಿಂತ ಲೇಸು.

‘ಒಬ್ಬ ಅತಿಥಿಗೆ ಇಷ್ಟು’ ಎಂಬ ಲೆಕ್ಕದಲ್ಲೂ ಒಂದು ಮೋಸವಿದೆ. ಜನ ಹೆಚ್ಚಾದಷ್ಟೂ ಆ ಸಂಖ್ಯೆ ಇಳಿಯುತ್ತದೆ, ಒಟ್ಟು ಮೊತ್ತ ಏರುತ್ತಲೇ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಬರೆಯಬೇಕು.

ವಿದ್ಯುತ್ತು ಉಳಿಸುವ ಜಾಗ ಪಂಪ್‌ಹೌಸ್. ಪಂಪಿನ ವೇಗವನ್ನು ಶೇ. 20ರಷ್ಟು ತಗ್ಗಿಸಿದರೆ ಅದು ಕುಡಿಯುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಶಕ್ತಿಯ ಬೇಡಿಕೆ ವೇಗದ ಘನಕ್ಕೆ ಅನುಗುಣವಾಗಿರುವುದೇ ಕಾರಣ. ವೇಗ ಬದಲಿಸುವ ಡ್ರೈವ್ ಹಾಕಿ, ಜನರಿಲ್ಲದ ಹೊತ್ತಿನಲ್ಲಿ ನಿಧಾನ ಓಡಿಸಿದರೆ ಸಾಕು. ಸೋಲಾರ್ ಫಲಕ ಅದರ ನಂತರದ ಮಾತು.

ಇನ್ನು ನೀರು. 2,000 ಚದರ ಮೀಟರ್ ಕೊಳಗಳಿವೆ ಎಂದಿಟ್ಟುಕೊಳ್ಳಿ. ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 10,000 ಲೀಟರ್ ಹೋಯಿತು. ರೆಸಾರ್ಟಿನಲ್ಲಿ 50 ಕೋಣೆ, 100 ಹಾಸಿಗೆ ಎನ್ನೋಣ. ಹಾಸಿಗೆಗೆ 180 ಲೀಟರಿನಂತೆ 18,000 ಲೀಟರ್. ಒಟ್ಟು 28,000. ಹಗಲು ಬಂದುಹೋಗುವವರ ಸ್ನಾನ, ಫಿಲ್ಟರ್ ತೊಳೆದ ನೀರು ಇದರಲ್ಲಿ ಸೇರಿಲ್ಲ.

ಈಗ ಮಳೆಯ ಕಡೆ ನೋಡಿ. ಕಾಸರಗೋಡಿನಲ್ಲಿ ವರ್ಷಕ್ಕೆ ಸರಿಸುಮಾರು 3,500 ಮಿಲಿಮೀಟರ್ ಮಳೆ. 1,000 ಚದರ ಮೀಟರ್ ಮಾಡಿನ ಮೇಲೆ ಬಿದ್ದದ್ದರಲ್ಲಿ ಐದನೇ ಒಂದು ಪಾಲು ಸೋರಿಹೋದರೂ 28 ಲಕ್ಷ ಲೀಟರ್ ಸಿಗುತ್ತದೆ. ಅಂದರೆ ಮೇಲಿನ ಖರ್ಚಿಗೆ 100 ದಿನ. ಇದನ್ನು ಹಿಡಿದಿಡಲು 40 ಮೀಟರ್ ಉದ್ದ, 28 ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಕೊಳ ಬೇಕು. ಮುರಕಲ್ಲು ನೀರು ಹೀರುವುದರಿಂದ ಅಡಿಗೆ ಹಾಳೆ ಹಾಸಲೇಬೇಕು. ತೆರೆದಿಟ್ಟರೆ ಅದರಲ್ಲೂ ಐದನೇ ಒಂದು ಪಾಲು 100 ದಿನದಲ್ಲಿ ಆವಿಯಾಗುತ್ತದೆ. ಸೋಲಾರ್ ಫಲಕಕ್ಕೆ ಜಾಗ ಹುಡುಕುವವರು ಈ ಕೊಳದ ಮೇಲೆಯೇ ಕೂರಿಸಬಹುದು. ಕೋಣೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಶೌಚಕ್ಕೆ, ತೋಟಕ್ಕೆ ಬಿಟ್ಟರೆ ಬೇಡಿಕೆ ಇನ್ನಷ್ಟು ತಗ್ಗುತ್ತದೆ. ಫಿಲ್ಟರ್ ತೊಳೆದ ನೀರಿನ ಕ್ಲೋರಿನ್ ಹೋಗುವವರೆಗೆ ಅದನ್ನು ತೋಡಿಗೆ ಬಿಡಕೂಡದು, ಮೀನು ಸಾಯುತ್ತವೆ.

ಇಷ್ಟು ಮಾಡದವರು ಕೊಳವೆಬಾವಿ ಕೊರೆಸುತ್ತಾರೆ. 2017ರ ಅಂತರ್ಜಲ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ ಕೇರಳದ ‘ಕ್ರಿಟಿಕಲ್’ ಪಟ್ಟಿಯಲ್ಲಿತ್ತು. ಹಾಗಾಗಿ ಪಾರ್ಕಿನ ಮೀಟರ್ ಮಾತ್ರ ಓದಿದರೆ ಸಾಲದು, ಗುಡ್ಡದ ಕೆಳಗಿನ ಮನೆಗಳ ಬಾವಿಯನ್ನೂ ಅಳೆಯಬೇಕು. ವಿಧಾನ ಸರಳ. ತಿಂಗಳಿಗೊಮ್ಮೆ ಬಾವಿಗೆ ತೂಕ ಕಟ್ಟಿದ ಟೇಪು ಇಳಿಸಿ ನೀರಿನ ಮಟ್ಟ ಬರೆದಿಡಿ. ಸುರಂಗದ ಬಾಯಿಗೆ 10 ಲೀಟರಿನ ಬಾಲ್ದಿ ಇಟ್ಟು ಗಡಿಯಾರ ನೋಡಿ: ಐದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 2,880 ಲೀಟರ್. ಈ ಲೆಕ್ಕದ ಪುಸ್ತಕ ಕಾಮಗಾರಿಗೆ ಒಂದು ವರ್ಷ ಮೊದಲೇ ಶುರುವಾಗಬೇಕು. ಇಲ್ಲದಿದ್ದರೆ ಮುಂದೆ ಬಾವಿ ಬತ್ತಿದಾಗ ‘ಮಳೆ ಕಡಿಮೆ’ ಎಂಬ ಉತ್ತರ ತಯಾರಿರುತ್ತದೆ. ಈ ಪಾಠ ನಮಗೆ ಹೊಸತಲ್ಲ: ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲದಲ್ಲಿ ತೋಟದ ಬೇಲಿಯಾಚೆ ಏನಾಗುತ್ತಿದೆ ಎಂದು ಮೊದಲಿನಿಂದಲೇ ಬರೆದಿಟ್ಟವರು ವಿರಳ. ಬಾಧಿತ 11 ಪಂಚಾಯತುಗಳಲ್ಲಿ ಬದಿಯಡ್ಕವೂ ಒಂದು.

ಕಸದ ಮಾತು ಚಿಕ್ಕದು: ತಟ್ಟೆಯಲ್ಲಿ ಉಳಿದ ಅನ್ನವನ್ನು ದಿನವೂ ತೂಗಿ ಗೋಬರ್ ಗ್ಯಾಸಿಗೆ ಹಾಕಿ, ಪ್ಲಾಸ್ಟಿಕ್ಕನ್ನು ಬೇರ್ಪಡಿಸಿ, ಕಸ ಸಂಗ್ರಹಿಸುವ ಹರಿತ ಕರ್ಮಸೇನೆಗೆ ಕೊಡಿ.

ನಿಮ್ಮ ಊರಿಗೆ ಇಂಥ ಯೋಜನೆ ಬಂದರೆ ಬಣ್ಣದ ನಕ್ಷೆಯನ್ನು ಆಮೇಲೆ ನೋಡೋಣ. ಗ್ರಾಮಸಭೆಯಲ್ಲಿ ಮೊದಲು ಎರಡು ಕಾಗದ ಕೇಳಿ: ಏಪ್ರಿಲ್ ತಿಂಗಳ ದಿನವಹಿ ನೀರಿನ ಲೆಕ್ಕ, ನೆರೆಮನೆಗಳ ಬಾವಿ-ಸುರಂಗಗಳ ಒಂದು ವರ್ಷದ ಮಟ್ಟ.