ಒಪ್ಪೊತ್ತು ಹಿಡಿದರೆ ತೂಕ ಇಳಿಯುತ್ತದೆಯೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾರೊಬ್ಬರೂ ಒಪ್ಪೊತ್ತು ಇರದ ದಿನ ಸಿಗುವುದು ಕಷ್ಟ. ಸೋಮವಾರ ಈಶ್ವರನಿಗೆ, ಮಂಗಳವಾರ ಶುಕ್ರವಾರ ಅಮ್ಮನವರಿಗೆ, ಗುರುವಾರ ರಾಯರಿಗೆ, ಶನಿವಾರ ತಿರುಪತಿ ತಿಮ್ಮಪ್ಪನಿಗೆ ಇಲ್ಲವೇ ಆಂಜನೇಯನಿಗೆ. ಇದರ ಮೇಲೆ ಏಕಾದಶಿ, ಸಂಕಷ್ಟಿ, ಶಿವರಾತ್ರಿ. ಶ್ರಾವಣ ಬಂತೆಂದರೆ ತಿಂಗಳಿಡೀ ವ್ರತ. ಮುಸ್ಲಿಮರ ಮನೆಗಳಲ್ಲಿ ರಂಜಾನ್ ಉಪವಾಸ. ಕ್ರೈಸ್ತರಲ್ಲಿ ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನಗಳ ತಪಸ್ಸು ಕಾಲ.

ಇವುಗಳಲ್ಲಿ ಯಾವುದೂ ಮೈ ಕರಗಿಸಲೆಂದು ಹುಟ್ಟಿದ್ದಲ್ಲ. ಹರಕೆ, ಸಂಕಲ್ಪ, ಪ್ರಾಯಶ್ಚಿತ್ತ, ಮನೆತನದ ಪದ್ಧತಿ ಇವೇ ಅವುಗಳ ಮೂಲ. ಆದರೆ ಈಚಿನ ವರ್ಷಗಳಲ್ಲಿ ಒಪ್ಪೊತ್ತಿಗೆ ಹೊಸದೊಂದು ಕಾರಣ ಸೇರಿಕೊಂಡಿದೆ. ಸಕ್ಕರೆ ಕಾಯಿಲೆಗೋ ಮಂಡಿನೋವಿಗೋ ಆಸ್ಪತ್ರೆಗೆ ಹೋದವರಿಗೆ ವೈದ್ಯರು ಹೇಳುವ ಮೊದಲ ಮಾತು ‘ತೂಕ ಇಳಿಸಿ’. ಬಾಯಿ ಕಟ್ಟುವುದು ಸುಲಭವಲ್ಲ. ದೇವರ ಹೆಸರಿನಲ್ಲಾದರೂ ಒಂದು ಹೊತ್ತು ಬಿಟ್ಟಂತಾಗಲಿ ಎಂದು ವಾರಕ್ಕೊಂದು ದಿನ ಹೆಚ್ಚಿಗೆ ಹಿಡಿಯುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಗಂಡಸರಾಗಲಿ ಹೆಂಗಸರಾಗಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಆದ್ದರಿಂದ ಭಕ್ತಿಯ ದಾರಿಯಲ್ಲಿ ಬೊಜ್ಜು ಇಳಿಯುತ್ತದೆಯೇ ಎಂಬುದು ಕುತೂಹಲದ ಪ್ರಶ್ನೆಯಷ್ಟೇ ಅಲ್ಲ.

ಪ್ರಾರ್ಥಿಸಿ ತೂಕ ಇಳಿಸಿದವರು

ಈ ಪ್ರಶ್ನೆಯನ್ನು ಅತಿ ಹೆಚ್ಚು ಗಂಭೀರವಾಗಿ ಕೇಳಿಕೊಂಡವರು ಅಮೆರಿಕದ ಕ್ರೈಸ್ತರು. ಅಲ್ಲಿ 1957ರಲ್ಲಿ ಚಾರ್ಲಿ ಶೆಡ್ ಎಂಬ ಪಾದ್ರಿ, ಪ್ರಾರ್ಥನೆಯಿಂದ ತೂಕ ಕಳೆದುಕೊಳ್ಳುವುದು ಹೇಗೆ ಎಂದು ಪುಸ್ತಕವನ್ನೇ ಬರೆದರು. 1986ರಲ್ಲಿ ಟೆನೆಸ್ಸಿ ರಾಜ್ಯದ ಗ್ವೆನ್ ಶ್ಯಾಂಬ್ಲಿನ್ ಎಂಬ ಮಹಿಳೆ ‘ವೇ ಡೌನ್’ ಎಂಬ ತರಗತಿಗಳನ್ನು ಆರಂಭಿಸಿದರು. ಅವರ ಸೂತ್ರ ಸರಳ. ಯಾವ ತಿನಿಸೂ ನಿಷಿದ್ಧವಲ್ಲ. ಹೊಟ್ಟೆ ಗುರುಗುಟ್ಟಿದಾಗ ಮಾತ್ರ ಉಣ್ಣಬೇಕು, ತುಂಬಿತೆನ್ನುವಷ್ಟರಲ್ಲಿ ಎದ್ದುಬಿಡಬೇಕು. ಉಳಿದ ಹಸಿವು ಹೊಟ್ಟೆಯದಲ್ಲ, ಮನಸ್ಸಿನದು, ಅದನ್ನು ದೇವರ ಬಳಿ ಒಯ್ಯಬೇಕು. ನಮ್ಮ ಕಡೆಯ ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಗೆ ಇದು ದೂರದ್ದೇನೂ ಅಲ್ಲ. ಸಾವಿರಾರು ಚರ್ಚುಗಳಲ್ಲಿ ಈ ತರಗತಿಗಳು ನಡೆದವು. 1997ರಲ್ಲಿ ಬಂದ ಆಕೆಯ ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

2011ರಲ್ಲಿ ಕ್ಯಾಲಿಫೋರ್ನಿಯದ ಸ್ಯಾಡಲ್‌ಬ್ಯಾಕ್ ಚರ್ಚಿನ ಪಾದ್ರಿ ರಿಕ್ ವಾರೆನ್ ‘ಡೇನಿಯಲ್ ಪ್ಲಾನ್’ ಆರಂಭಿಸಿದರು. ಬೈಬಲ್ಲಿನ ದಾನಿಯೇಲನು ಅರಸನ ಭೋಜನವನ್ನು ನಿರಾಕರಿಸಿ ಹತ್ತು ದಿನ ಕಾಯಿಪಲ್ಯ, ನೀರಿನಲ್ಲೇ ಇದ್ದನೆಂಬ ಕಥೆಯೇ ಆ ಹೆಸರಿಗೆ ಮೂಲ. ಸುಮಾರು 15 ಸಾವಿರ ಜನ ಸೇರಿದರೆಂದೂ, ಮೊದಲ ವರ್ಷದಲ್ಲಿ ಎಲ್ಲರೂ ಸೇರಿ ಎರಡೂವರೆ ಲಕ್ಷ ಪೌಂಡು ಇಳಿಸಿದರೆಂದೂ ಚರ್ಚು ಹೇಳಿಕೊಂಡಿತು. ದೊಡ್ಡ ಸಂಖ್ಯೆ ನಿಜ. ಆದರೆ ಭಾಗಿಸಿ ನೋಡಿದರೆ ತಲೆಗೆ ಏಳೂವರೆ ಕಿಲೋ. ಅದೂ ಸೇರಿದವರು ತಾವೇ ಕೊಟ್ಟ ಲೆಕ್ಕ.

ಪಕ್ಕಾ ತಕ್ಕಡಿ ಹಿಡಿದು ಅಳೆದ ಅಧ್ಯಯನಗಳಲ್ಲಿ ಇಳಿತ ಇನ್ನೂ ಕಡಿಮೆ. ಉತ್ತರ ಕ್ಯಾರೊಲಿನಾದ ಗ್ರಾಮೀಣ ಕಪ್ಪುಜನರ ಚರ್ಚುಗಳಲ್ಲಿ ಎಂಟು ವಾರ ಪ್ರಾರ್ಥನೆ, ಬೈಬಲ್ ಓದಿನ ಜೊತೆಗೆ ಆಹಾರದ ಪಾಠವನ್ನೂ ನಡೆಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪಾಠ ಕೇಳಿದವರು ಸರಾಸರಿ 1.6 ಕಿಲೋ ಇಳಿದರು, ಕೇಳದವರು ಕಾಲು ಕಿಲೋದಷ್ಟು. ವ್ಯತ್ಯಾಸವಿದೆ, ಪವಾಡವಿಲ್ಲ. ರಂಜಾನ್ ಉಪವಾಸದ ಕುರಿತ 35 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಹೊರಬಂದ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ. ತಿಂಗಳಲ್ಲಿ ಇಳಿದದ್ದು ಸರಾಸರಿ ಒಂದೂಕಾಲು ಕಿಲೋ. ಹಬ್ಬ ಕಳೆದ ಕೆಲವೇ ವಾರಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ವಾಪಸು.

ಇದಕ್ಕೆ ವಿರುದ್ಧವಾದ ಸಂಗತಿಯೊಂದು ಇನ್ನೂ ಸ್ವಾರಸ್ಯಕರವಾಗಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2,433 ತರುಣ ತರುಣಿಯರನ್ನು 18 ವರ್ಷ ಗಮನಿಸಿ 2011ರಲ್ಲಿ ವರದಿ ಕೊಟ್ಟರು. ವಾರಕ್ಕೊಮ್ಮೆಯಾದರೂ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರು ನಡುವಯಸ್ಸಿಗೆ ಬೊಜ್ಜಿನವರಾಗುವ ಸಂಭವ ಉಳಿದವರಿಗಿಂತ ಶೇ 50ರಷ್ಟು ಹೆಚ್ಚಿತ್ತು! ಸಭೆ ಮುಗಿದ ಮೇಲಿನ ಸಾಮೂಹಿಕ ಊಟವೇ ಇದಕ್ಕೆ ಕಾರಣವಿರಬಹುದೆಂದು ಊಹಿಸಲಾಯಿತು. ಹರಿಸೇವೆ, ಅನ್ನಸಂತರ್ಪಣೆ, ಜಾತ್ರೆಯ ಪಂಕ್ತಿಯೂಟ ಬಲ್ಲ ನಮ್ಮ ಸೀಮೆಯವರಿಗೆ ಈ ಊಹೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫಲಾಹಾರದ ತಟ್ಟೆ

ಕೊಬ್ಬರಿ ಸೀಮೆಯ ಒಪ್ಪೊತ್ತಿನ ಕ್ರಮ ಮನೆಯಿಂದ ಮನೆಗೆ ಬೇರೆ. ಸಾಮಾನ್ಯವಾಗಿ ಹಗಲು ಒಂದು ಹೊತ್ತು ಊಟ, ರಾತ್ರಿ ಫಲಾಹಾರ. ಹೆಸರಿಗೆ ಹಣ್ಣಿನ ಆಹಾರ. ತಟ್ಟೆಗೆ ಬರುವುದು ಅವಲಕ್ಕಿ, ಉಪ್ಪಿಟ್ಟು, ಚಪಾತಿ, ಕೆಲವರಲ್ಲಿ ದೋಸೆ. ಉಂಡದ್ದನ್ನು ಊಟವೆಂದು ಕರೆಯದಿದ್ದರೆ ಅದು ಲೆಕ್ಕಕ್ಕಿಲ್ಲ ಎಂಬ ಸಮಾಧಾನ ಬೇರೆ. ‘ಏನೂ ಉಂಡಿಲ್ಲ, ಎರಡು ಅವಲಕ್ಕಿ ಬಾಯಿಗೆ ಹಾಕ್ಕೊಂಡೆ ಅಷ್ಟೆ’ ಎಂಬ ಮಾತು ಯಾವ ಮನೆಯಲ್ಲಿ ಕೇಳಿಲ್ಲ?

ಆ ‘ಎರಡು ಅವಲಕ್ಕಿ’ಯನ್ನು ತೂಗಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹಳೆಯ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಅವಲಕ್ಕಿಯಲ್ಲಿ 346 ಕ್ಯಾಲೊರಿ, ಬೆಲ್ಲದಲ್ಲಿ 383, ಹಸಿ ತೆಂಗಿನಕಾಯಿಯಲ್ಲಿ 444. ಸಿಹಿ ಅವಲಕ್ಕಿಗೆ 75 ಗ್ರಾಂ ಅವಲಕ್ಕಿ, 40 ಗ್ರಾಂ ಬೆಲ್ಲ, 50 ಗ್ರಾಂ ಕಾಯಿತುರಿ ಹಾಕಿದರೆ 635 ಕ್ಯಾಲೊರಿ. ಜೊತೆಗೊಂದು ಬಾಳೆಹಣ್ಣು ಸೇರಿದರೆ 700 ದಾಟಿತು. ಇನ್ನು ಬಿಟ್ಟ ಊಟ ಯಾವುದು? ನೂರು ಗ್ರಾಂ ಹಿಟ್ಟಿನ ರಾಗಿ ಮುದ್ದೆಗೆ 328, ಸಾರಿನ 30 ಗ್ರಾಂ ಬೇಳೆಗೆ ನೂರು, ಮೇಲೆ ಒಂದು ಹಿಡಿ ಅನ್ನಕ್ಕೆ 170. ಒಟ್ಟು ಸುಮಾರು 600. ಮುದ್ದೆ ಬಿಟ್ಟು ಉಪವಾಸ ಮಾಡಿದವರು ಮುದ್ದೆ ಉಂಡವರಿಗಿಂತ ಹೆಚ್ಚು ತಿಂದಿರುತ್ತಾರೆ. ಮುದ್ದೆ ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಸಿಹಿ ಅವಲಕ್ಕಿ ತಿಂದವರಿಗೆ ಮಲಗುವ ಮುನ್ನ ಒಂದು ಲೋಟ ಹಾಲು ಬೇಕೆನಿಸುತ್ತದೆ.

ಈ ಲೆಕ್ಕದಲ್ಲಿ ಎದ್ದು ಕಾಣುವುದು ಕಾಯಿ. ಬೇರೆ ಊರಿನಲ್ಲಿ ಕಾಯಿತುರಿಯನ್ನು ಚಮಚದಲ್ಲಿ ಉದುರಿಸುತ್ತಾರೆ, ಇಲ್ಲಿ ಹೋಳಿನ ಲೆಕ್ಕದಲ್ಲಿ ತುರಿಯುತ್ತಾರೆ. ತೋಟದ ಮನೆಯಲ್ಲಿ ಕಾಯಿಗೆ ಕೈ ಬಿಗಿ ಹಿಡಿಯುವುದು ಮರ್ಯಾದೆಯೂ ಅಲ್ಲ. ದೇವಸ್ಥಾನದಿಂದ ಹಣ್ಣುಕಾಯಿಯ ಹೋಳು ಮನೆಗೆ ಬಂದರೆ ಅದನ್ನು ಅಂದೇ ಮುಗಿಸಬೇಕು. ಇನ್ನು ಕೊಬ್ಬರಿಯದು ಮತ್ತೂ ಒಂದು ಕೈ ಮೇಲು. ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಇಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಿಟುಕು ಕರಟದಲ್ಲಿ ಸದ್ದು ಮಾಡುವ ಹೊತ್ತಿಗೆ ಅದರಲ್ಲಿ ಉಳಿದಿರುವುದು ಬಹುಪಾಲು ಎಣ್ಣೆ. ನೂರು ಗ್ರಾಂ ಕೊಬ್ಬರಿಗೆ 662 ಕ್ಯಾಲೊರಿ. ಹಸಿವಾಯಿತೆಂದು 30 ಗ್ರಾಂ ಕೊಬ್ಬರಿ, 20 ಗ್ರಾಂ ಬೆಲ್ಲ ಬಾಯಿಗೆ ಹಾಕಿಕೊಂಡರೆ 275. ಕೆಲಸದ ನಡುವೆ ಅಗಿದದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಶಿವರಾತ್ರಿಯ ತಂಬಿಟ್ಟಿನ ಲೆಕ್ಕ ಬಿಡಿಸುವುದು ಬೇಡ, ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಅಷ್ಟು ಕ್ರೂರವಾಗಬೇಕಿಲ್ಲ.

ತೆಂಗು ಇಲ್ಲಿ ಅಪರಾಧಿಯಲ್ಲ. ಅದೇ ಮರದ ಎಳನೀರಿನಲ್ಲಿ ನೂರು ಮಿಲಿಲೀಟರಿಗೆ ಇರುವುದು ಸುಮಾರು 24 ಕ್ಯಾಲೊರಿ ಮಾತ್ರ. ಉಪವಾಸದ ಸಂಜೆ ಗಂಜಿ ತಿನ್ನದೆ ಒಂದು ಎಳನೀರು ಕುಡಿದವರದು ನಿಜಕ್ಕೂ ಫಲಾಹಾರ.

ದೇಹದ ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕಡಿತವಾಗಬೇಕು. ವಾರಕ್ಕೊಂದು ಹೊತ್ತಿನ 600 ಕ್ಯಾಲೊರಿಯನ್ನು ಪೂರ್ತಿ ಬಿಟ್ಟರೆ ವರ್ಷಕ್ಕೆ 31,200. ಕಾಗದದ ಮೇಲೆ ನಾಲ್ಕು ಕಿಲೋ ಇಳಿಯಿತು. ದೇಹವೂ ತನ್ನ ಖರ್ಚು ಕಡಿಮೆ ಮಾಡಿಕೊಳ್ಳುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆ. ಆದರೂ ನಡುವಯಸ್ಸಿನಲ್ಲಿ ವರ್ಷವರ್ಷ ಏರುವ ತೂಕವನ್ನು ತಡೆಯಲು ಇಷ್ಟು ಸಾಕು. ಬಿಟ್ಟ ಹೊತ್ತಿನ ಜಾಗಕ್ಕೆ ಅವಲಕ್ಕಿ ಬಂದರೆ ಮಾತ್ರ ಈ ಲೆಕ್ಕವೆಲ್ಲ ಸೊನ್ನೆ.

ಹೊತ್ತಿಗೆ ಮಹಿಮೆಯಿಲ್ಲವೇ, ದಿನಕ್ಕೆ 16 ಗಂಟೆ ಹಸಿದಿದ್ದರೆ ಕೊಬ್ಬು ತಾನಾಗಿ ಕರಗುತ್ತದೆ ಎನ್ನುತ್ತಾರಲ್ಲ ಎಂದು ಕೇಳುವವರುಂಟು. ಚೀನಾದ ಗುವಾಂಗ್‌ಜೌ ನಗರದಲ್ಲಿ 139 ಬೊಜ್ಜಿನ ರೋಗಿಗಳ ಮೇಲೆ ಒಂದು ವರ್ಷ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಎಲ್ಲರಿಗೂ ಕೊಟ್ಟದ್ದು ಅಳತೆಯ ಊಟ. ಅರ್ಧದಷ್ಟು ಜನ ಅದನ್ನು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮುಗಿಸಬೇಕಿತ್ತು. ಅವರು 8 ಕಿಲೋ ಇಳಿದರು, ಹೊತ್ತಿನ ಕಟ್ಟಿಲ್ಲದವರು 6.3 ಕಿಲೋ. ಅಂತರ ಗಣನೀಯವಲ್ಲ ಎಂಬುದು ಸಂಶೋಧಕರ ತೀರ್ಮಾನ. ಇಳಿಸಿದ್ದು ಗಡಿಯಾರವಲ್ಲ, ಊಟದ ಅಳತೆ.

ಮಾಲೆ ಹಾಕಿದವರು

ಹಾಗಾದರೆ ಭಕ್ತಿಯಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಜನ ಹುಡುಕುವ ಕಡೆ ಅಲ್ಲ. ಅಯ್ಯಪ್ಪನ ಮಾಲೆ ಹಾಕುವವರನ್ನು ನೋಡಿ. 41 ದಿನ ಅವರು ಉಪವಾಸವೇನೂ ಇರುವುದಿಲ್ಲ. ಆದರೆ ಮದ್ಯ ಬಂದ್, ಮಾಂಸ ಬಂದ್, ಬೀಡಿ ಸಿಗರೇಟು ಬಂದ್. ಬೆಳಗಿನ ಜಾವ ಏಳಬೇಕು, ತಣ್ಣೀರು ಮೀಯಬೇಕು, ಬರಿಗಾಲಿನಲ್ಲಿ ನಡೆಯಬೇಕು. ಒಂದು ಗ್ರಾಂ ಮದ್ಯಸಾರದಲ್ಲಿ ಏಳು ಕ್ಯಾಲೊರಿ ಇರುತ್ತದೆ. ದಿನವೂ ಸಂಜೆ ಕುಡಿದು, ಜೊತೆಗೆ ಕರಿದದ್ದು ಮೆಲ್ಲುತ್ತಿದ್ದವರಿಗೆ ಈ ಒಂದು ನಿಯಮ ಹತ್ತು ಏಕಾದಶಿಗೆ ಸಮ. ಅದಕ್ಕಿಂತ ಮುಖ್ಯವಾದುದು ಕಣ್ಣಿಗೆ ಕಾಣುವ ಮಾಲೆ. ಕಪ್ಪುಬಟ್ಟೆ ಉಟ್ಟು ‘ಸ್ವಾಮಿ’ ಎನಿಸಿಕೊಂಡವರಿಗೆ ಬಾರಿನ ಬಾಗಿಲು ದಾಟುವುದು ಕಷ್ಟ, ಊರೇ ನೋಡುತ್ತಿರುತ್ತದೆ. ಅಮೆರಿಕದ ಚರ್ಚುಗಳಲ್ಲಿ ವಾರವಾರ ಸೇರುವ ಗುಂಪು ಮಾಡುವ ಕೆಲಸವೂ ಇದೇ. ಒಬ್ಬಂಟಿಯಾಗಿ ಹಿಡಿದ ಪಥ್ಯ ಮೂರು ದಿನಕ್ಕೆ ಮುರಿಯುತ್ತದೆ. ನಾಲ್ಕು ಜನರ ಮುಂದೆ ಮಾಡಿದ ಸಂಕಲ್ಪ ನಿಲ್ಲುತ್ತದೆ. ತೊಡಕಿರುವುದು ಮಾಲೆ ತೆಗೆದ ಮೇಲಿನ 324 ದಿನಗಳಲ್ಲಿ.

ಆದರೆ ಅಮೆರಿಕದಿಂದ ಕಲಿಯಬೇಕಾದ ಮತ್ತೊಂದು ಪಾಠವಿದೆ. ಶ್ಯಾಂಬ್ಲಿನ್ 1999ರಲ್ಲಿ ತಮ್ಮದೇ ಪ್ರತ್ಯೇಕ ಸಭೆ ಕಟ್ಟಿದರು. ಅತಿಯಾಗಿ ತಿನ್ನುವುದು ಪಾಪ, ಇಳಿಯದ ಮೈ ದೇವರಿಗೆ ಶರಣಾಗದ ಮನಸ್ಸಿನ ಗುರುತು ಎಂಬ ಬೋಧನೆ ಅಲ್ಲಿ ಬಲವಾಯಿತು. ಬಿಟ್ಟು ಹೊರಬಂದವರು ಹೇಳಿಕೊಂಡದ್ದು ನಾಚಿಕೆ, ಭಯಗಳ ಕಥೆ. 2021ರ ಮೇ ತಿಂಗಳಲ್ಲಿ ಆಕೆ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವು ಇನ್ನಷ್ಟು ಹೊರಬಂದವು. ತೂಕಕ್ಕೆ ವಂಶ, ವಯಸ್ಸು, ಹೆರಿಗೆ, ಥೈರಾಯ್ಡ್, ನಿದ್ದೆ, ನುಂಗುವ ಮಾತ್ರೆ ಎಲ್ಲವೂ ಕಾರಣ. ದಾಸರಿಘಟ್ಟದ ಚೌಡೇಶ್ವರಿಗೆ ಹರಕೆ ಹೊತ್ತು ಶುಕ್ರವಾರ ಹಿಡಿದವರನ್ನು ಯಾರೂ ತಕ್ಕಡಿ ಹತ್ತಿಸಿ ಭಕ್ತಿ ಅಳೆಯುವುದಿಲ್ಲ. ನಮ್ಮ ವ್ರತಗಳ ಈ ಔದಾರ್ಯ ಕಳೆದುಹೋಗಬಾರದು.

ಇನ್ನೊಂದು ವಿಚಾರಕ್ಕೆ ಸಲ್ಲಬೇಕಾದಷ್ಟು ಗಮನ ಸಲ್ಲುತ್ತಿಲ್ಲ. ಮನೆಯಲ್ಲಿ ಹೆಚ್ಚು ವಾರ ಹಿಡಿಯುವವರು ಹೆಂಗಸರು. ಗಂಡನಿಗೆ, ಮಕ್ಕಳಿಗೆ, ಆಳುಕಾಳುಗಳಿಗೆ ಮೂರು ಹೊತ್ತು ಬೇಯಿಸಿ ಹಾಕಿ, ತಾವು ಒಪ್ಪೊತ್ತಿನಲ್ಲಿ ಇರುತ್ತಾರೆ. ಅದೇ 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಇಳಿಸಲು ಮೈಯಲ್ಲಿ ಏನೂ ಇಲ್ಲದವರು ವಾರಕ್ಕೆ ಮೂರು ದಿನ ಬಿಡುತ್ತಿದ್ದರೆ, ಇಳಿಸಬೇಕಾದ ಯಜಮಾನರು ಹಬ್ಬದೂಟ ಉಂಡು ಜಗಲಿಯಲ್ಲಿ ಒರಗಿರುತ್ತಾರೆ. ಬಿಟ್ಟ ಹೊತ್ತಿನೊಂದಿಗೆ ಹೋಗುವುದು ಮುದ್ದೆ, ಸೊಪ್ಪು, ಕಾಳು. ಬರುವುದು ಅವಲಕ್ಕಿ, ಕಾಫಿ. ಬಸುರಿಯರು, ಹಾಲೂಡಿಸುವವರು ಉಪವಾಸ ಮಾಡಬೇಕೆಂದು ಯಾವ ಶಾಸ್ತ್ರವೂ ಒತ್ತಾಯಿಸುವುದಿಲ್ಲ. ಕಥೋಲಿಕರ ನಿಯಮದಲ್ಲೂ ಉಪವಾಸದ ಕಟ್ಟು 18ರಿಂದ 59 ವರ್ಷದವರಿಗೆ ಮಾತ್ರ, ರೋಗಿಗಳಿಗೆ ಇಲ್ಲ. ಇಸ್ಲಾಮಿನಲ್ಲೂ ಕಾಯಿಲೆಯವರಿಗೆ ವಿನಾಯಿತಿಯಿದೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಂತೂ ಎಚ್ಚರ ಅಗತ್ಯ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಬಗೆಯ ಮಾತ್ರೆ ನುಂಗುವವರು ಎಂದಿನ ಪ್ರಮಾಣದಲ್ಲಿ ಔಷಧಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಉಪವಾಸವೆಂದು ಔಷಧಿಯನ್ನೂ ಬಿಟ್ಟು, ಸಂಜೆ ಸಿಹಿ ಅವಲಕ್ಕಿ ತಿಂದರೆ ಅದು ಎಲ್ಲೆ ಮೀರಿ ಏರುತ್ತದೆ. ಶ್ರಾವಣವಾಗಲಿ ರಂಜಾನ್ ಆಗಲಿ, ಶುರುವಾಗುವ ಕೆಲವು ವಾರ ಮುಂಚೆಯೇ ವೈದ್ಯರಿಗೆ ಹೇಳಿದರೆ ಔಷಧಿಯ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿ ಕೊಡುತ್ತಾರೆ. ಕೈ ನಡುಗಿ, ಮೈ ಬೆವೆತು, ಕಣ್ಣು ಕತ್ತಲಿಟ್ಟರೆ ಪೂಜೆ ಮುಗಿಯಲೆಂದು ಕಾಯಬಾರದು. ತೀರ್ಥಪ್ರಸಾದದ ತಟ್ಟೆಯಲ್ಲಿರುವ ಸಕ್ಕರೆಯನ್ನಾದರೂ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು.