ಮಳೆಗಾಲ ಮತ್ತು ಸೈಕಲ್ ಬ್ರೇಕ್: ವರ್ತಕರು, ತಯಾರಕರು ಗಮನಿಸಬೇಕಾದ ಅಂಶಗಳು

ಜೂನ್ ತಿಂಗಳಲ್ಲಿ ಮಳೆ ಹಿಡಿಯುತ್ತಿದ್ದಂತೆ ಸೈಕಲ್ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಎರಡು ಮುಖ್ಯವಾದವು. ಒಂದು, ಬ್ರೇಕ್ ಹಿಡಿಯುವುದಿಲ್ಲ. ಇನ್ನೊಂದು, ಹಿಡಿದರೆ ಕಿರುಚುತ್ತದೆ. ಈ ಎರಡಕ್ಕೂ ಸಾಮಾನ್ಯವಾಗಿ ಮಾಡುವ ಪರಿಹಾರ ಒಂದೇ: ಹಳೆಯ ಬ್ರೇಕ್ ರಬ್ಬರ್ ತೆಗೆದು ಹೊಸದನ್ನು ಹಾಕಿ ವಯರ್ ಬಿಗಿಗೊಳಿಸುವುದು. ಗಿರಾಕಿಯು ಹಣ ತೆತ್ತು ಹೋಗುತ್ತಾನೆ, ಕೆಲವೇ ದಿನಗಳಲ್ಲಿ ಅದೇ ದೂರಿನೊಂದಿಗೆ ಮರಳುತ್ತಾನೆ. ದೋಷವು ಅನೇಕ ವೇಳೆ ರಬ್ಬರಿನಲ್ಲಿರದೆ ರಿಮ್ಮಿನ ಮೇಲ್ಮೈ, ವಯರಿನ ಘರ್ಷಣೆ ಹಾಗೂ ಜೋಡಣೆಯ ಕ್ರಮದಲ್ಲಿರುತ್ತದೆ. ಇದನ್ನು ವಿವರಿಸಿ, ಸರಿಪಡಿಸುವ ವಿಧಾನವನ್ನು ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಳಿಜಾರಿನ ಊರುಗಳ ಸಮಸ್ಯೆ

ದಕ್ಷಿಣ ಕನ್ನಡ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 4,000 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದಂತಹ ಗ್ರಾಮಗಳಲ್ಲಿ ಸಮತಟ್ಟಾದ ರಸ್ತೆ ಅಪರೂಪ. ಅಡಿಕೆ ತೋಟಗಳ ನಡುವಿನ ಮನೆಗಳಿಂದ ಇಳಿದು ಬರುವ ಒಳದಾರಿಗಳು ಮುಖ್ಯ ರಸ್ತೆಯನ್ನು ಸೇರುತ್ತವೆ. ಧರ್ಮಸ್ಥಳ, ಸೌತಡ್ಕ ಕ್ಷೇತ್ರಗಳಿಗೆ ಬರುವ ಯಾತ್ರಿಕರ ವಾಹನಗಳು ಆ ರಸ್ತೆಗಳಲ್ಲಿ ಸಾಲಾಗಿ ಸಾಗುತ್ತಿರುತ್ತವೆ. ಶಾಲಾ ವಿದ್ಯಾರ್ಥಿಯ ಸೈಕಲ್ ನಿಲ್ಲಬೇಕಾದ ಸ್ಥಳವೂ ಅದೇ.

ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿದ ಬಳಿಕ ಗ್ರಾಮಾಂತರ ಪ್ರದೇಶಗಳಲ್ಲಿ ಸೈಕಲ್ ದುರಸ್ತಿಯ ಕೆಲಸಕ್ಕೆ ಹೊಸ ಗಿರಾಕಿಗಳು ದೊರೆತರು. ಕೋವಿಡ್‌ನಿಂದಾಗಿ 2020ರಲ್ಲಿ ಶಾಲೆಗಳು ಮುಚ್ಚಿದಾಗ ವಿತರಣೆ ನಿಂತಿತು. ಸರ್ಕಾರ ಕೊಟ್ಟದ್ದಿರಲಿ, ಪೋಷಕರು ಕೊಂಡದ್ದಿರಲಿ, ಬಿಡಿಭಾಗಗಳಾಗಿ ಬಂದು ಸ್ಥಳದಲ್ಲಿ ಜೋಡಣೆಯಾಗುವ ಸೈಕಲ್ಲಿನ ಬ್ರೇಕ್ ಎಷ್ಟು ಒಳ್ಳೆಯದೆಂಬುದು ಜೋಡಿಸಿದವನ ಕೈಯನ್ನೇ ಅವಲಂಬಿಸಿದೆ.

ನೀರು ಬಿದ್ದಾಗ ಆಗುವುದೇನು?

ಕ್ರೋಮ್ ಲೇಪಿತ ಉಕ್ಕಿನ ರಿಮ್ ನುಣುಪಾದುದು. ಅದರ ಮೇಲೆ ನೀರಿನ ಪದರ ನಿಂತಾಗ ರಬ್ಬರ್ ಲೋಹವನ್ನು ಮುಟ್ಟದೆ ಜಾರುತ್ತದೆ. ವಿಟ್ ಮತ್ತು ವಿಲ್ಸನ್ ಅವರು ಬರೆದು 1974ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ 'ಬೈಸಿಕ್ಲಿಂಗ್ ಸೈನ್ಸ್' ಗ್ರಂಥವು ಈ ವಿಷಯವನ್ನು ವಿವರವಾಗಿ ಚರ್ಚಿಸಿದೆ. ಸಾಧಾರಣ ರಬ್ಬರ್ ಹಾಗೂ ಉಕ್ಕಿನ ರಿಮ್ಮಿನ ನಡುವಿನ ಹಿಡಿತವು ಒದ್ದೆಯಾದಾಗ ಒಣ ಸ್ಥಿತಿಯ ಹತ್ತನೇ ಒಂದು ಭಾಗದಷ್ಟಕ್ಕೆ ಇಳಿಯಬಲ್ಲದು. ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ಮಿನಲ್ಲಿ ಈ ಇಳಿಕೆ ಬಹಳ ಕಡಿಮೆ.

ಇದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಬಹುದು. ಗಂಟೆಗೆ 20 ಕಿ.ಮೀ. ವೇಗದ ಸೈಕಲ್ ಒಳ್ಳೆಯ ಬ್ರೇಕಿನಿಂದ ಸಮತಟ್ಟಾದ ಒಣ ರಸ್ತೆಯಲ್ಲಿ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ನೂರು ಮೀಟರಿಗೆ 6 ಮೀಟರ್ ಇಳಿಯುವ ರಸ್ತೆಯಲ್ಲಾದರೆ ಸುಮಾರು ಆರೂವರೆ ಮೀಟರ್ ಬೇಕು. ಅದೇ ಇಳಿಜಾರಿನಲ್ಲಿ ಬ್ರೇಕಿನ ಬಲ ಮೂರನೇ ಒಂದು ಭಾಗಕ್ಕೆ ಇಳಿದರೆ ನಿಲ್ಲಲು 35 ಮೀಟರಿಗೂ ಹೆಚ್ಚು ದೂರ ಬೇಕಾಗುತ್ತದೆ. ಹತ್ತನೇ ಒಂದು ಭಾಗಕ್ಕೆ ಇಳಿದರೆ ಸೈಕಲ್ ನಿಲ್ಲುವುದೇ ಇಲ್ಲ. ಬ್ರೇಕ್ ಹಿಡಿದಿದ್ದಂತೆಯೇ ವೇಗ ಏರುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಬ್ರೇಕ್ ಮಳೆಗಾಲದಲ್ಲಿ ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಇದೇ ಆಗಿದೆ.

ದುರಸ್ತಿಯ ಕ್ರಮ

ಮೊದಲು ಬ್ರೇಕಿನ ಬಗೆಯನ್ನು ಗುರುತಿಸಬೇಕು. ಹಳೆಯ ಮಾದರಿಯ ಕಂಬಿ ಬ್ರೇಕಿನಲ್ಲಿ ರಬ್ಬರ್ ರಿಮ್ಮಿನ ಒಳಮುಖವನ್ನು, ಅಂದರೆ ಕಡ್ಡಿಗಳ ಕಡೆಯ ಮುಖವನ್ನು ಒತ್ತುತ್ತದೆ. ವಯರ್ ಬ್ರೇಕಿನಲ್ಲಿ ಎರಡು ತೋಳುಗಳು ರಿಮ್ಮಿನ ಪಕ್ಕಗಳನ್ನು ಹಿಡಿಯುತ್ತವೆ. ಎರಡರ ರಿಮ್ಮಿನ ಆಕಾರವೂ ಬೇರೆ. ಆದುದರಿಂದ ಕಂಬಿ ಬ್ರೇಕ್ ತೆಗೆದು ಅದೇ ರಿಮ್ಮಿಗೆ ವಯರ್ ಬ್ರೇಕ್ ಅಳವಡಿಸುವ ಪ್ರಯತ್ನ ಸಲ್ಲದು. ಮುಂದಿನ ಹಂತಗಳು ಹೀಗಿವೆ:

1. ರಿಮ್ ಸ್ವಚ್ಛಗೊಳಿಸುವುದು: ಮುರಕಲ್ಲಿನ ಕೆಂಪು ಕೆಸರು, ಎಣ್ಣೆಯ ಪಸೆ ಹಾಗೂ ರಬ್ಬರಿನ ಕಪ್ಪು ಕಲೆಯನ್ನು ಸಾಬೂನು ನೀರಿನಿಂದ ತೊಳೆದು, ಒಣಗಿದ ಬಳಿಕ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ತುಕ್ಕು ಹಿಡಿಯದಿರಲೆಂದು ಕೆಲವರು ರಿಮ್ಮಿಗೂ ಎಣ್ಣೆ ಹಚ್ಚುತ್ತಾರೆ. ಇದು ಅಪಾಯಕರವೆಂದು ಗಿರಾಕಿಗೆ ತಿಳಿಸಬೇಕು.

2. ಚಕ್ರದ ಓಲಾಟ ತೆಗೆಯುವುದು: ಓಲಾಡುವ ಚಕ್ರಕ್ಕೆ ತಾಗದಂತೆ ರಬ್ಬರನ್ನು ದೂರವಿಟ್ಟರೆ ಹಿಡಿ ಹ್ಯಾಂಡಲಿಗೆ ತಾಗುವವರೆಗೆ ಎಳೆದರೂ ಬ್ರೇಕ್ ಹಿಡಿಯದು. ಕಡ್ಡಿಗಳನ್ನು ಸರಿಪಡಿಸಿದ ನಂತರವೇ ವಯರ್ ಬಿಗಿಗೊಳಿಸಬೇಕು.

3. ರಬ್ಬರ್ ಪರೀಕ್ಷಿಸುವುದು: ಉಗುರಿನಿಂದ ಒತ್ತಿದಾಗ ತಗ್ಗದೆ ಗಾಜಿನಂತೆ ಹೊಳೆಯುವ ರಬ್ಬರ್ ಗಟ್ಟಿಯಾಗಿದೆ ಎಂದರ್ಥ. ಹೊಳಪು ಮೇಲ್ಪದರದಲ್ಲಷ್ಟೇ ಇದ್ದರೆ ಅರ ಅಥವಾ ಮರಳುಕಾಗದದಿಂದ ಉಜ್ಜಿ, ಸಿಲುಕಿದ ಕಲ್ಲುಚೂರುಗಳನ್ನು ಕಿತ್ತು ಮರಳಿ ಬಳಸಬಹುದು. ಒಳಗೂ ಗಟ್ಟಿಯಾಗಿದ್ದರೆ ಬದಲಾಯಿಸಬೇಕು.

4. ವಯರ್ ನೋಡುವುದು: ಕೈಬಲದ ಗಣನೀಯ ಭಾಗ ಔಟರ್ ಎಂದು ಕರೆಯುವ ಹೊರಕೊಳವೆಯೊಳಗೆ ತುಕ್ಕಿಗೆ ನಷ್ಟವಾಗುತ್ತದೆ. ತಿರುವು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಹಿಡಿಯ ಬಳಿ ಒಂದೆರಡು ಎಳೆ ಕಡಿದಿದ್ದರೂ ವಯರನ್ನು ಬದಲಾಯಿಸಿ, ಔಟರನ್ನು ಚಿಕ್ಕದಾಗಿ, ಆದರೆ ಹ್ಯಾಂಡಲ್ ತಿರುಗಿಸಿದಾಗ ಎಳೆಯದಷ್ಟು ಉದ್ದಕ್ಕೆ ಕತ್ತರಿಸಬೇಕು.

5. ರಬ್ಬರನ್ನು ಕೂರಿಸುವುದು: ರಬ್ಬರಿನ ಪೂರ್ಣ ಮುಖ ರಿಮ್ಮಿನ ಮೇಲಿರಬೇಕು. ಮೇಲೆ ಟೈರಿಗೆ ತಾಗಿದರೆ ಟೈರ್ ಹರಿಯುತ್ತದೆ, ಕೆಳಗೆ ಜಾರಿದರೆ ಕಡ್ಡಿಗೆ ಸಿಲುಕುವ ಸಂಭವವಿದೆ. ಎರಡೂ ಪಕ್ಕ ಒಂದೆರಡು ಮಿಲಿಮೀಟರ್ ಅಂತರ ಸಾಕು.

ಶಬ್ದಕ್ಕೆ ಕಾರಣ ಮತ್ತು ಪರಿಹಾರ

ರಬ್ಬರ್ ರಿಮ್ಮಿಗೆ ಅಂಟಿ, ಬಿಟ್ಟು, ಮತ್ತೆ ಅಂಟುವ ಕ್ರಿಯೆ ಕ್ಷಣಕ್ಕೆ ನೂರಾರು ಬಾರಿ ನಡೆದಾಗ ಬ್ರೇಕಿನ ತೋಳುಗಳು ಕಂಪಿಸಿ ಕಿರುಚಾಟ ಕೇಳಿಸುತ್ತದೆ. ರಬ್ಬರಿನ ಹಿಂಬದಿಯ ಅಂಚು ಮೊದಲು ತಾಗುವಂತಿದ್ದರೆ ಕಂಪನ ಹೆಚ್ಚುತ್ತದೆ. ವಯರ್ ಬ್ರೇಕಿನಲ್ಲಿ ಮುಂದಿನ ಅಂಚು ಸುಮಾರು 1 ಮಿಲಿಮೀಟರ್ ಮೊದಲು ತಾಗುವಂತೆ ಓರೆಯಾಗಿ ಕೂರಿಸಬೇಕು. ರಬ್ಬರಿನ ಹಿಂಬದಿಯ ಅಂಚಿಗೆ ಮಡಚಿದ ರಟ್ಟಿನ ಚೂರು ಇಟ್ಟು, ಹಿಡಿಯನ್ನು ಒತ್ತಿಕೊಂಡೇ ನಟ್ ಬಿಗಿಗೊಳಿಸಿದರೆ ಈ ಓರೆ ತಾನಾಗಿ ದೊರೆಯುತ್ತದೆ. ಅದರೊಂದಿಗೆ ಬ್ರೇಕಿನ ನಡುಬೋಲ್ಟ್ ಹಾಗೂ ಹ್ಯಾಂಡಲಿನ ಬೇರಿಂಗ್ ಸಡಿಲವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಂಬಿ ಬ್ರೇಕಿನಲ್ಲಿ ಶಬ್ದಕ್ಕೆ ಕಾರಣ ಬಹುತೇಕ ಸವೆದ ಕೀಲುಗಳು ಹಾಗೂ ಗಟ್ಟಿಯಾದ ರಬ್ಬರ್.

ಒದ್ದೆ ಪರೀಕ್ಷೆ

ಕೆಲಸ ಮುಗಿದ ನಂತರ ಸೈಕಲ್ಲನ್ನು ಒಣಗಿದ ಸ್ಥಿತಿಯಲ್ಲಿ ಮಾತ್ರ ಪರೀಕ್ಷಿಸಿ ಕೊಡುವುದು ಮಳೆಗಾಲದಲ್ಲಿ ಸಾಲದು. ಎರಡೂ ರಿಮ್ಮುಗಳ ಮೇಲೆ ಒಂದು ಚೆಂಬು ನೀರು ಸುರಿದು, ಅಂಗಡಿಯ ಮುಂದೆ ನಡೆಯುವ ವೇಗದಲ್ಲಿ ತಳ್ಳುತ್ತಾ ಬ್ರೇಕ್ ಹಿಡಿದು ನೋಡಬೇಕು. ಈ ವ್ಯತ್ಯಾಸವನ್ನು ಗಿರಾಕಿಗೆ ಕಣ್ಣಾರೆ ತೋರಿಸಿದರೆ ಇಳಿಜಾರಿಗೆ ಮುಂಚೆಯೇ ಬ್ರೇಕನ್ನು ಹಗುರವಾಗಿ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಬೇಕು, ಎರಡೂ ಬ್ರೇಕುಗಳನ್ನು ಒಟ್ಟಿಗೆ ಬಳಸಬೇಕು ಎಂಬ ಸೂಚನೆ ಮನವರಿಕೆಯಾಗುತ್ತದೆ.

ವ್ಯಾಪಾರ ಮತ್ತು ಹೊಣೆಗಾರಿಕೆ

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಆರನೇ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯನ್ನು ವಿಧಿಸಿದೆ. ಅದರ 86ನೇ ಪ್ರಕರಣದಂತೆ, ಸರಕಿನ ಜೋಡಣೆ, ಪರಿಶೀಲನೆ ಅಥವಾ ನಿರ್ವಹಣೆಯಲ್ಲಿ ಮಾರಾಟಗಾರನು ಸೂಕ್ತ ಎಚ್ಚರ ವಹಿಸದೆ, ಅದರಿಂದಲೇ ಹಾನಿ ಸಂಭವಿಸಿದರೆ, ತಯಾರಕನಲ್ಲದ ಮಾರಾಟಗಾರನೂ ಹೊಣೆಗಾರನಾಗಬಹುದು. ತಯಾರಕರು ನೀಡಿದ ಎಚ್ಚರಿಕೆಯನ್ನು ಗಿರಾಕಿಗೆ ತಿಳಿಸದಿದ್ದಾಗಲೂ ಇದು ಅನ್ವಯಿಸುತ್ತದೆ. ಸೈಕಲ್ ಜೋಡಿಸಿ ಮಾರುವ ಪ್ರತಿಯೊಬ್ಬ ವರ್ತಕರೂ ಇದನ್ನು ತಿಳಿದಿರಬೇಕು. ಮೇಲಿನ ಹಂತಗಳನ್ನು ಚೀಟಿಯಲ್ಲಿ ಗುರುತಿಸಿ, ಒಂದು ಪ್ರತಿಯನ್ನು ಗಿರಾಕಿಗೆ ಕೊಟ್ಟು ಇನ್ನೊಂದನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುವುದು ಉತ್ತಮ.

ಬಿಲ್ಲಿನಲ್ಲಿ ರಬ್ಬರಿನ ಬೆಲೆಯನ್ನೂ ಕೆಲಸದ ಕೂಲಿಯನ್ನೂ ಪ್ರತ್ಯೇಕವಾಗಿ ತೋರಿಸಬೇಕು. ಜೋಡಿ ರಬ್ಬರಿನ ಮಾರಾಟದಲ್ಲಿ ದೊರೆಯುವ ಲಾಭ ಅತ್ಯಲ್ಪ; ಅರ್ಧ ಗಂಟೆಯ ಸರಿಯಾದ ಕೆಲಸಕ್ಕೆ ಸಲ್ಲುವ ಕೂಲಿಯೇ ದುರಸ್ತಿ ಅಂಗಡಿಯ ನಿಜವಾದ ಆದಾಯ. ಹೊಸ ಸೈಕಲ್ ಕೊಳ್ಳುವ ಕರಾವಳಿ, ಮಲೆನಾಡಿನ ಗಿರಾಕಿಗಳಿಗೆ ಮಿಶ್ರಲೋಹದ ರಿಮ್ಮಿನ ಮಾದರಿಗಳನ್ನು ಮೊದಲು ತೋರಿಸಬಹುದು. ಇರುವ ವಯರ್ ಬ್ರೇಕ್ ಸೈಕಲ್ಲಿಗೆ ಅಂತಹ ರಿಮ್ ಹಾಕುವಾಗ ಅಳತೆ ಹಾಗೂ ಕಡ್ಡಿ ರಂಧ್ರಗಳ ಸಂಖ್ಯೆ ಹೊಂದಬೇಕು.

ರಬ್ಬರ್ ಅಚ್ಚು ಘಟಕಗಳನ್ನು ನಡೆಸುತ್ತಿರುವ ಸಣ್ಣ ಉದ್ಯಮಿಗಳಿಗೂ ಇಲ್ಲಿ ಅವಕಾಶವಿದೆ. ಅಗ್ಗದ ಬ್ರೇಕ್ ರಬ್ಬರುಗಳಲ್ಲಿ ಭರ್ತಿ ಪುಡಿ ಹೆಚ್ಚಾದಂತೆ ಗಡಸುತನ ಏರಿ ಹಿಡಿತ ಕುಗ್ಗುತ್ತದೆ. ಉಕ್ಕಿನ ರಿಮ್ಮಿಗಾಗಿ ತೊಗಲಿನ ಮುಖವುಳ್ಳ ಬ್ರೇಕ್ ಶೂಗಳು ಇಂಗ್ಲೆಂಡಿನಲ್ಲಿ ಹಿಂದೆಯೇ ಬಳಕೆಗೆ ಬಂದಿದ್ದವು. ಇಂತಹ ಸರಕನ್ನು ತಯಾರಿಸುವವರು ಮಾರುಕಟ್ಟೆಗೆ ಬಿಡುವ ಮುನ್ನ ಒಣ ಹಾಗೂ ಒದ್ದೆ ರಿಮ್ಮುಗಳೆರಡರಲ್ಲೂ ನಿಲುಗಡೆಯ ದೂರವನ್ನು ಅಳೆದು, ಆ ಅಂಕಿಗಳನ್ನು ಪೊಟ್ಟಣದ ಮೇಲೆ ಮುದ್ರಿಸಿದರೆ ಬೆಲೆ ತುಸು ಹೆಚ್ಚಾದರೂ ವರ್ತಕರು ಅದನ್ನು ಧೈರ್ಯದಿಂದ ಮಾರಬಲ್ಲರು. ಮೇ ತಿಂಗಳ ಕೊನೆಯೊಳಗೆ ಬಿಡಿಭಾಗಗಳ ದಾಸ್ತಾನು ಮಾಡಿಕೊಂಡು, ಶಾಲೆಗಳು ತೆರೆಯುವ ಮುನ್ನವೇ ಮಕ್ಕಳ ಸೈಕಲ್ಲುಗಳನ್ನು ಒದ್ದೆ ಪರೀಕ್ಷೆಗೆ ಒಳಪಡಿಸುವಂತೆ ಪೋಷಕರಿಗೆ ತಿಳಿಸಬೇಕೆಂದು ಸದಸ್ಯ ವರ್ತಕರಲ್ಲಿ ವಿನಂತಿ.